ನೀರಿಲ್ಲದೆ ಸಬ್‌ಮರೀನ್ ಮುಳುಗಿಸಿದ್ದು

'ದಿ ಹಂಟ್ ಫಾರ್ ರೆಡ್ ಅಕ್ಟೋಬರ್' ಸಿನಿಮಾದ ಸಮುದ್ರದಾಳದ ದೃಶ್ಯಗಳಲ್ಲಿ ನೀರಿರಲಿಲ್ಲ, ಬರೀ ಹೊಗೆ ಅಂತ ಗೊತ್ತಾದಾಗಲೇ ನನಗೆ ಹುಚ್ಚು ಹತ್ತಿದ್ದು. ಟಾಮ್ ಕ್ಲಾನ್ಸಿಯ 1984ರ ಕಾದಂಬರಿಯನ್ನು ಜಾನ್ ಮೆಕ್‌ಟಿಯರ್ನನ್ 1990ರಲ್ಲಿ ತೆರೆಗೆ ತಂದಾಗ, ಸಬ್‌ಮರೀನ್ ಮಾದರಿಗಳನ್ನು ತಂತಿಗೆ ನೇತುಹಾಕಿ ಹೊಗೆಯಲ್ಲಿ ಶೂಟ್ ಮಾಡಿದ್ದರು. ಬಸವನಗುಡಿಯ ತಾರಸಿ ರೂಮಿನಲ್ಲಿ ನಾವ್ಯಾಕೆ ಮಾಡಬಾರದು? ಮೂವರು ಗೆಳೆಯರು, ಒಂದು ಫೋನು, ಆರು ನಿಮಿಷದ ಕಿರುಚಿತ್ರ.

ಎರಡು ಅಡಿ ಪಿವಿಸಿ ಪೈಪಿಗೆ ಎಂ-ಸೀಲ್ ಮೆತ್ತಿ ಮೂತಿ ಮಾಡಿ, ಕಪ್ಪು ಬಣ್ಣ ಬಳಿದು, ಗಾಳದ ದಾರದಲ್ಲಿ ಫ್ಯಾನಿನ ಕೊಕ್ಕೆಗೆ ಕಟ್ಟಿದೆವು. ಹೊಗೆಗೆ ಸಾಂಬ್ರಾಣಿ. ಅಲ್ಲೇ ಎಡವಿದ್ದು. ಬಿಸಿ ಹೊಗೆ ನೆಟ್ಟಗೆ ಮೇಲೇರಿ ಸೂರಿಗೆ ಅಂಟಿಕೊಂಡಿತು, ಕೆಳಗೆಲ್ಲ ಖಾಲಿ. ದಾರ ಬೇರೆ ಫಳಫಳ ಹೊಳೆಯುತ್ತಿತ್ತು. ಕೆಳಗಿನ ಮನೆ ಆಂಟಿ ಮೇಲೆ ಬಂದು "ಏನ್ರೋ, ಇವತ್ತು ಯಾವ ಪೂಜೆ?" ಅಂದರು.

ಮೂರನೇ ದಿನ ಸಬ್‌ಮರೀನನ್ನು ತಲೆಕೆಳಗಾಗಿ ಕಟ್ಟಿ, ಟಾರ್ಚನ್ನು ನೆಲದಿಂದ ಮೇಲಕ್ಕೆ ಬಿಟ್ಟು, ನಿಧಾನಗತಿಯಲ್ಲಿ ಶೂಟ್ ಮಾಡಿ, ಎಡಿಟಿಂಗ್‌ನಲ್ಲಿ ಇಡೀ ಚಿತ್ರವನ್ನೇ ತಿರುಗಿಸಿಬಿಟ್ಟೆವು. ಬೆಳಕು ಮೇಲಿಂದ ಬಂತು. ಸೂರಿನ ದಟ್ಟ ಹೊಗೆ ಸಮುದ್ರ ತಳದ ರಾಡಿ ಆಯಿತು, ದಾರ ಅದರೊಳಗೆ ಹೋಯಿತು. ದಾರ ಇದ್ದರೆ ಮೇಲೆ ಇರುತ್ತೆ ಅಂತ ತಾನೆ ಎಲ್ಲರೂ ನೋಡೋದು?

ಆದರೆ ಜೋಡಿಸಿ ನೋಡಿದರೆ ಒಂಚೂರೂ ಭಯ ಆಗಲಿಲ್ಲ. ಆಮೇಲೆ ಮೂಲ ಸಿನಿಮಾವನ್ನು ಕಣ್ಣು ಮುಚ್ಚಿಕೊಂಡು ಕೇಳಿದೆ. ಅಲ್ಲಿ ಕಥೆಯೇ ಸದ್ದಿಲ್ಲದೆ ಓಡುವ ಸಬ್‌ಮರೀನ್‌ದು, ಅದರ ಜಾಡು ಹಿಡಿಯೋದು ಸೋನಾರ್ (ನೀರೊಳಗಿನ ಸದ್ದಿನಿಂದ ಹಡಗು ಪತ್ತೆ ಹಚ್ಚುವ ಯಂತ್ರ) ಹುಡುಗ ಜೋನ್ಸ್‌ನ ಕಿವಿ. ಆ ಚಿತ್ರಕ್ಕೆ ಆಸ್ಕರ್ ಬಂದಿದ್ದೂ ಧ್ವನಿ ಪರಿಣಾಮಗಳ ಸಂಕಲನಕ್ಕೇ. ಹಾಗಾಗಿ ಕಷ್ಟಪಟ್ಟು ತೆಗೆದ ಹೊಗೆ ಶಾಟುಗಳಲ್ಲಿ ಅರ್ಧ ಕಿತ್ತೆಸೆದೆ (ಗೆಳೆಯ ಎರಡು ದಿನ ಮಾತು ಬಿಟ್ಟ), ಅಲ್ಲೆಲ್ಲ ಹೆಡ್‌ಫೋನ್ ಹಾಕಿಕೊಂಡ ಒಂದೇ ಮುಖ ಇಟ್ಟೆ.

ಸೋನಾರ್ ಸದ್ದಿಗೆ ಮನೆಯ ಸಂಪು. ಒಂದು ಬೆಳಗ್ಗೆ ಕಾವೇರಿ ನೀರು ಬಾರದೆ ಅದು ಖಾಲಿಯಾಗಿತ್ತು, ಟ್ಯಾಂಕರ್‌ಗೆ ಹೇಳಿದ್ದೆವು. ಬಕೆಟ್‌ನಲ್ಲಿ ಫೋನಿಟ್ಟು ಹಗ್ಗದಲ್ಲಿ ಇಳಿಬಿಟ್ಟು, ಸಂಪಿನ ಬಾಯಿ ಹತ್ತಿರ ದೇವರ ಮನೆಯ ಗಂಟೆಗೆ ಒಂದೇ ಒಂದು ಪೆಟ್ಟು ಕೊಟ್ಟೆ. ಟಿಂಗ್... ಆ ಮಾರ್ದನಿ ಸಾಯುವವರೆಗೆ ನಾವ್ಯಾರೂ ಉಸಿರಾಡಲಿಲ್ಲ. ಇನ್ನೊಂದು ಟೇಕ್ ತಗೊಳ್ಳೋಣ ಅನ್ನುವಷ್ಟರಲ್ಲಿ ಟ್ಯಾಂಕರ್ ಬಂತು. ಡ್ರೈವರ್ ಪೈಪು ಒಳಗೆ ಬಿಟ್ಟೇ ಬಿಟ್ಟ. ಫೋನನ್ನು ಎಳೆದುಕೊಳ್ಳುವ ಮೊದಲು ಹನ್ನೊಂದು ಸೆಕೆಂಡು ರೆಕಾರ್ಡ್ ಆಗಿತ್ತು. ನಮ್ಮ ಸಬ್‌ಮರೀನಿಗೆ ನೀರು ನುಗ್ಗುವ ಸದ್ದು ಅದೇ.