ಮಾಗಿಯ ಚಳಿಯಲ್ಲಿ ತರಕಾರಿ ಸಸಿಮಡಿ

ಶಿರಸಿ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿದು ಗದ್ದೆ ಬರಿದಾಗುತ್ತಿದ್ದಂತೆ ಬೇಸಿಗೆ ತರಕಾರಿಯ ಯೋಚನೆ ಶುರುವಾಗುತ್ತದೆ. ಗದ್ದೆಯಲ್ಲಿ ತೇವ ಉಳಿದಿರುವಾಗಲೇ ಸಸಿ ನೆಡಬೇಕಾದ್ದರಿಂದ, ಬದನೆ, ಮೆಣಸು, ಟೊಮೆಟೊ ಬೀಜ ಹಾಕುವ ಕೆಲಸ ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ, ಅಂದರೆ ವರ್ಷದ ಅತಿ ಚಳಿಯ ದಿನಗಳಲ್ಲಿಯೇ, ಆಗಬೇಕಾಗುತ್ತದೆ. ಕಾರವಾರ, ಅಂಕೋಲಾ, ಗೋಕರ್ಣದ ಕಡೆಯವರಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಸಮುದ್ರದ ಹತ್ತಿರ ರಾತ್ರಿಯ ಚಳಿ ಹದವಾಗಿರುತ್ತದೆ. ದೇವಿಮನೆ ಘಟ್ಟ ಹತ್ತಿ ಮೇಲೆ ಬಂದರೆ ಕೆಲವು ರಾತ್ರಿ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುತ್ತದೆ, ಕಣಿವೆಯಲ್ಲಿರುವ ಮನೆಯಂಗಳಕ್ಕೆ ಬಿಸಿಲು ತಲುಪುವಾಗ ಒಂಬತ್ತು ಗಂಟೆ ದಾಟಿರುತ್ತದೆ.

ಮಣ್ಣಿನ ಉಷ್ಣತೆ 25 ಡಿಗ್ರಿ ಇದ್ದರೆ ಟೊಮೆಟೊ ಸುಮಾರು 6 ದಿನಕ್ಕೆ, ಮೆಣಸು 8 ದಿನಕ್ಕೆ ಮೊಳೆಯುತ್ತದೆ. ಅದೇ ಮಣ್ಣು 15 ಡಿಗ್ರಿಗೆ ಇಳಿದರೆ ಟೊಮೆಟೊಗೆ ಎರಡು ವಾರ, ಮೆಣಸಿಗೆ ಮೂರೂವರೆ ವಾರ ಬೇಕಾಗುತ್ತದೆ. ಅಷ್ಟು ದಿನ ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬಿದ್ದಿರುವ ಬೀಜ ಕೊಳೆಯುತ್ತದೆ, ಇಲ್ಲವೇ ಇರುವೆಯ ಪಾಲಾಗುತ್ತದೆ. ಎಲೆಕೋಸು, ನವಿಲುಕೋಸುಗಳಿಗೆ ತಂಪು ಒಗ್ಗುವುದರಿಂದ ಅವುಗಳ ಚಿಂತೆ ಬೇಡ.

ಆದ್ದರಿಂದ ಮೊಳಕೆ ಬರಿಸುವ ಕೆಲಸವನ್ನು ಮನೆಯೊಳಗೇ ಮುಗಿಸಿಕೊಳ್ಳುವುದು ಒಳ್ಳೆಯದು, ಅದಕ್ಕೆ ನಮ್ಮ ಕಡೆಯ ಬಚ್ಚಲ ಒಲೆಗಿಂತ ಒಳ್ಳೆಯ ಜಾಗವಿಲ್ಲ. ಮನೆಯಲ್ಲಿಯೇ ಇಟ್ಟುಕೊಂಡ ಬೀಜವನ್ನು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಹಳೆಯ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಒಲೆಯ ಪಕ್ಕದ ಕಟ್ಟೆಯಲ್ಲಿ ಅಂಗೈ ಇಟ್ಟರೆ ಹಿತವೆನಿಸುವಷ್ಟೇ ಬಿಸಿಯಿರುವ ಕಡೆ ಇಡಬೇಕು. ಅಂಗೈಗೆ ಚುರುಕೆನ್ನಿಸಿದರೆ ಅಲ್ಲಿ ಬೀಜ ಬೆಂದುಹೋಗುತ್ತದೆ. ಬಟ್ಟೆ ಒಣಗದಂತೆ ದಿನಕ್ಕೆರಡು ಬಾರಿ ನೀರು ಚಿಮುಕಿಸಿ, ಮೂರನೆಯ ದಿನದಿಂದ ಗಂಟು ಬಿಚ್ಚಿ ನೋಡುತ್ತಿರಬೇಕು. ಬೀಜದ ತುದಿಯಲ್ಲಿ ಎಳ್ಳಿನ ಕಾಳಿಗಿಂತಲೂ ಚಿಕ್ಕದಾದ ಬಿಳಿಯ ಮೊನೆ ಕಂಡ ದಿನವೇ ಬಿತ್ತಬೇಕು. ಬೇರು ಉದ್ದವಾಗಿ ಬಟ್ಟೆಯ ಎಳೆಯೊಳಗೆ ಹೊಕ್ಕರೆ ಬಿಡಿಸುವಾಗ ಮುರಿಯುತ್ತದೆ. ಅಂಗಡಿಯಿಂದ ತಂದ, ಔಷಧದ ಬಣ್ಣ ಹಚ್ಚಿದ ಬೀಜವನ್ನು ಮಾತ್ರ ನೆನೆಸಬಾರದು, ಏಕೆಂದರೆ ಔಷಧವೆಲ್ಲ ನೀರಿಗೆ ಬಿಡುತ್ತದೆ.

ಮಡಿಯ ಜಾಗದ ವಿಷಯದಲ್ಲಿ ನಾನು ಕಠಿಣವಾಗಿಯೇ ಹೇಳುತ್ತೇನೆ. ಅಡಿಕೆ ಒಣಗಿಸುವ ಕಾಲವೂ ಇದೇ ಆದ್ದರಿಂದ ಅಂಗಳದ ಬಿಸಿಲನ್ನೆಲ್ಲ ಅಡಿಕೆ ಹಿಡಿದುಕೊಂಡು ಸಸಿಮಡಿ ಮನೆಯ ಹಿಂದಿನ ನೆರಳಿಗೆ ಹೋಗುತ್ತದೆ. ಹಾಗೆ ಮಾಡದೆ, ಬೆಳಗಿನ ಮೊದಲ ಬಿಸಿಲು ಬೀಳುವ ಮೂಲೆಯಲ್ಲಿ ಒಂದು ಚಾಪೆಯಗಲದ ಜಾಗವನ್ನಾದರೂ ಸಸಿಗೆ ಬಿಟ್ಟುಕೊಡಬೇಕು. ಅಲ್ಲಿ ಒಂದು ಗೇಣು ಎತ್ತರದ ಮಡಿ ಮಾಡಿ, ಒಣ ದರಕನ್ನು (ಉದುರಿದ ಎಲೆಗಳನ್ನು) ಮೇಲೆ ಹರಡಿ ಸುಟ್ಟು, ಆರಿದ ಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸುಡುಮಣ್ಣಿನ ಜೊತೆ ಬೆರೆಸಿ ಸಮ ಮಾಡಬೇಕು. ಸುಡುವುದರಿಂದ ಮೇಲ್ಮಣ್ಣಿನ ಶಿಲೀಂಧ್ರವೂ ಕಳೆಯ ಬೀಜವೂ ಬಹುಪಾಲು ಸಾಯುತ್ತವೆ, ಎತ್ತರದ ಮಡಿಯಲ್ಲಿ ನೀರು ನಿಲ್ಲದೆ ಮಣ್ಣು ಬೇಗ ಬೆಚ್ಚಗಾಗುತ್ತದೆ. ಬೀಜವನ್ನು ಅರ್ಧ ಇಂಚಿಗಿಂತ ಆಳಕ್ಕೆ ಹಾಕಬಾರದು, ದಟ್ಟವಾಗಿಯೂ ಬಿತ್ತಬಾರದು.

ಇನ್ನು ನೀರು. ಚಳಿಯಲ್ಲಿ ಸಸಿಗಳನ್ನು ಹೆಚ್ಚಾಗಿ ಕೊಲ್ಲುವುದು ಸಂಜೆ ಹಾಕಿದ ನೀರು. ಒಂದು ವರ್ಷ ನನ್ನ ಮೆಣಸಿನ ಮಡಿ ಪೂರ್ತಿ ಹೋದದ್ದು ಹೀಗೆಯೇ: ದಿನವೂ ಸಂಜೆ ನೀರು ಹಾಕುತ್ತಿದ್ದೆ, ನಾಲ್ಕನೆಯ ಬೆಳಿಗ್ಗೆ ಮಡಿಯ ನಡುವೆ ತಟ್ಟೆಯಷ್ಟು ಜಾಗದಲ್ಲಿ ಸಸಿಗಳು ಮಲಗಿದ್ದವು. ಒಂದನ್ನು ಉಗುರಿನಿಂದ ಎತ್ತಿ ನೋಡಿದರೆ ಎಲೆ ಇನ್ನೂ ಹಸಿರಾಗಿಯೇ ಇತ್ತು, ಮಣ್ಣಿಗೆ ತಾಗುವ ಕುತ್ತಿಗೆ ಮಾತ್ರ ನೀರಿನಲ್ಲಿ ನೆನೆದ ದಾರದಂತೆ ಕಂದಾಗಿ ತೆಳುವಾಗಿತ್ತು. ಪೈಥಿಯಂ ಮೊದಲಾದ ಶಿಲೀಂಧ್ರಗಳು ತರುವ ಈ ಸಸಿ ಕೊಳೆ ಎರಡೇ ದಿನದಲ್ಲಿ ಇಡೀ ಮಡಿಗೆ ಹಬ್ಬಿಬಿಟ್ಟಿತು. ಆಮೇಲಿನಿಂದ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತೋರಿದರೆ ಮಾತ್ರ ನೀರು ಹಾಕುತ್ತೇನೆ. ಹಳ್ಳದಿಂದ ಪೈಪಿನಲ್ಲಿ ಬರುವ ಕೊರೆಯುವ ನೀರಿಗಿಂತ, ಆಗತಾನೆ ಸೇದಿದ ಬಾವಿಯ ನೀರು ಬೆಚ್ಚಗಿರುತ್ತದೆ. ಕೊಳೆ ಕಂಡ ಕೂಡಲೇ ಬಿದ್ದ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು, ಎರಡು ದಿನ ನೀರು ನಿಲ್ಲಿಸಿ, ಉಳಿದ ಸಸಿಗಳ ಬುಡಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧ ಕದಡಿದ ನೀರು ಹಾಕಬೇಕು. ಕೊಳೆ ತರುವ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರ ಬಳಸುವವರು ಅದನ್ನು ಬಿತ್ತುವ ಮೊದಲೇ ಗೊಬ್ಬರಕ್ಕೆ ಬೆರೆಸಬೇಕು. ಅದರ ಜೊತೆಗೆ ತಾಮ್ರದ ಔಷಧ ಹಾಕಿದರೆ ಟ್ರೈಕೋಡರ್ಮಾಕ್ಕೂ ಪೆಟ್ಟು ಬೀಳುತ್ತದೆ.

ರಾತ್ರಿಯ ಹೊದಿಕೆಗೆ ಬಿದಿರಿನ ಸೀಳುಗಳನ್ನು ಕಮಾನಿನಂತೆ ಬಗ್ಗಿಸಿ ನೆಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಅಥವಾ ಅಡಿಕೆ ಸೋಗೆ ಹಾಕಬಹುದು. ಹೊದಿಕೆ ಎಲೆಗೆ ತಾಗಬಾರದು, ಬಿಸಿಲು ಬಿದ್ದ ಕೂಡಲೇ ತೆಗೆಯಬೇಕು. ತಡಮಾಡಿದರೆ ಒಳಗೆ ಬೆವರಿದ ನೀರು ಸಸಿಯ ಮೇಲೇ ತೊಟ್ಟಿಕ್ಕಿ ಕೊಳೆಗೆ ದಾರಿಯಾಗುತ್ತದೆ. ಟೊಮೆಟೊ ಎಲೆಯ ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗಿದರೆ ಗೊಬ್ಬರ ಸುರಿಯುವ ಅಗತ್ಯವಿಲ್ಲ. ತಣ್ಣನೆಯ ಮಣ್ಣಿನಲ್ಲಿ ಬೇರು ರಂಜಕವನ್ನು ಸರಿಯಾಗಿ ಹೀರಲಾರದೆ ಹಾಗಾಗುತ್ತದೆ, ಬಿಸಿಲೇರಿದ ಮೇಲೆ ಬರುವ ಹೊಸ ಎಲೆಗಳು ಹಸಿರಾಗಿಯೇ ಇರುತ್ತವೆ.

ಮೊಗೆ (ಸಾಂಬಾರು ಸೌತೆ), ಸೌತೆ, ಹೀರೆ, ಹಾಗಲಗಳ ಬೇರು ಕಿತ್ತು ನೆಡುವುದನ್ನು ಸಹಿಸುವುದಿಲ್ಲವಾದ್ದರಿಂದ ಅವನ್ನು ಮೊದಲಿನಿಂದಲೂ ಸಣ್ಣ ಕೊಟ್ಟೆಗಳಲ್ಲಿಯೇ (ಮಣ್ಣು ತುಂಬಿದ ಚೀಲಗಳಲ್ಲಿಯೇ) ಬೆಳೆಸಬೇಕು. ಹಾಗಲದ ಬೀಜದ ಸಿಪ್ಪೆ ಗಟ್ಟಿ. ಒಂದು ಹಗಲು ಒಂದು ರಾತ್ರಿ ನೆನೆಯಲಿ.

ಬೆಚ್ಚಗಿನ ದಿನಗಳಲ್ಲಿ 25–30 ದಿನಕ್ಕೆ ನೆಡಲು ಬರುವ ಟೊಮೆಟೊ ಈ ಚಳಿಯಲ್ಲಿ ಇನ್ನೊಂದು ವಾರ ಹತ್ತು ದಿನ ಕೇಳುತ್ತದೆ, ಮೆಣಸು ಅದಕ್ಕೂ ಹೆಚ್ಚು. ದಿನ ಎಣಿಸುವುದಕ್ಕಿಂತ ಸಸಿಯ ದಂಟು ನೋಡಿ ಕೀಳುವುದು ಸರಿ: ದಂಟು ಗಿಡ್ಡವಾಗಿ, ಪೆನ್ಸಿಲಿನ ಅರ್ಧ ದಪ್ಪವಾಗಿ, ನಾಲ್ಕೈದು ಎಲೆ ಬಂದಿರಬೇಕು. ನೆಡುವುದಕ್ಕೆ ಒಂದು ವಾರ ಮುಂಚಿನಿಂದ ಹೊದಿಕೆ ತೆಗೆದಿಟ್ಟು ನೀರು ಕಡಿಮೆ ಮಾಡಿ, ಕೀಳುವ ದಿನ ಬೆಳಿಗ್ಗೆ ಮಡಿಯನ್ನು ಚೆನ್ನಾಗಿ ನೆನೆಸಿ, ಬಿಸಿಲು ಇಳಿದ ಮೇಲೆ ಬೇರಿನ ಮಣ್ಣು ಉದುರದಂತೆ ಎತ್ತಿ ನೆಡಬೇಕು. ಹತ್ತಿಪ್ಪತ್ತು ಸಸಿಗಳನ್ನು ಮಡಿಯಲ್ಲಿಯೇ ಉಳಿಸಿಕೊಂಡರೆ, ಗದ್ದೆಯಲ್ಲಿ ಸತ್ತವುಗಳ ಜಾಗಕ್ಕೆ ಮುಂದಿನ ವಾರ ನೆಡಲು ಬರುತ್ತವೆ.