ಕಂಪನಿಯ ತಂತ್ರಜ್ಞಾನ ಯೋಜನೆ ಕಾಫಿ ಕಣದಿಂದ ಶುರುವಾಗಲಿ

ಚಿಕ್ಕಮಗಳೂರಿನ ಸುತ್ತ ಯಾವ ತೋಟಕ್ಕೆ, ಯಾವ ಕ್ಯೂರಿಂಗ್ ಕಾರ್ಖಾನೆಗೆ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆ) ಹೋದರೂ ಇಂಟರ್‌ನೆಟ್‌ಗೆ ಜೋಡಿಸಿದ ಸಾಧನ ಒಂದಲ್ಲ ಒಂದು ಕಣ್ಣಿಗೆ ಬೀಳುತ್ತದೆ. ಗೇಟಿನ ಮೇಲೆ ಕ್ಯಾಮೆರಾ, ಕೆರೆ ಪಂಪಿಗೆ ಮೊಬೈಲ್ ಸ್ಟಾರ್ಟರ್, ಜೀಪಿಗೆ ಜಿಪಿಎಸ್, ಬಂಗಲೆಯ ಮುಂದೆ ತಾನಾಗಿ ಲೆಕ್ಕ ಕಳಿಸುವ ಮಳೆಮಾಪಕ. ಇವನ್ನು ಬೇರೆ ಬೇರೆಯವರು ಬೇರೆ ಬೇರೆ ಹೊತ್ತಿನಲ್ಲಿ ಕೊಂಡಿರುತ್ತಾರೆ. ಕಂಪನಿಯ ತಂತ್ರಜ್ಞಾನ ಯೋಜನೆ ಮಾತ್ರ ಇನ್ನೂ ಕಚೇರಿಯ ಕಂಪ್ಯೂಟರು, ಲೆಕ್ಕಪತ್ರದ ಸಾಫ್ಟ್‌ವೇರು, ಪ್ರಿಂಟರುಗಳನ್ನು ದಾಟಿ ಹೊರಗೆ ಬಂದಿಲ್ಲ.

ಈ ಸಾಧನಗಳು ಬರಿಯ ಸಾಮಾನುಗಳಲ್ಲ. ಒಂದೊಂದೂ ತನ್ನ ಜೊತೆ ಸಿಮ್ಮು, ಕರೆಂಟು, ಪಾಸ್‌ವರ್ಡು, ವರ್ಷದ ಬಾಡಿಗೆ, ಕೆಟ್ಟಾಗ ಓಡಿಬರುವ ಜನ, ಇಷ್ಟನ್ನೂ ಕೇಳುತ್ತದೆ. ಹಾಗಾಗಿ ಮುಂದಿನ ಐದು ವರ್ಷಕ್ಕೆ ಕಂಪನಿ ಯಾವ ಸಾಫ್ಟ್‌ವೇರು, ಯಾವ ನೆಟ್‌ವರ್ಕು, ಎಷ್ಟು ಸಿಬ್ಬಂದಿ ಇಟ್ಟುಕೊಳ್ಳಬೇಕು ಎಂಬುದನ್ನು ಕಾಫಿ ಒಣಗಿಸುವ ಕಣದಲ್ಲಿ, ಗೋದಾಮಿನಲ್ಲಿ ನಿಂತು ತೀರ್ಮಾನಿಸಬೇಕು. ಮೂರು ತೋಟ, ಊರಿನಲ್ಲಿ ಒಂದು ಕ್ಯೂರಿಂಗ್ ಕಾರ್ಖಾನೆ, ಒಂದು ಕಚೇರಿ ಇರುವ ಮಧ್ಯಮ ಗಾತ್ರದ ಕಂಪನಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಕ್ರಮವನ್ನು ನೋಡೋಣ.

ಮೊದಲು ಇರುವುದನ್ನು ಬರೆದುಕೊಳ್ಳಿ

ತೋಟದ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಎಲೆಕ್ಟ್ರಿಷಿಯನ್ ಮೂವರನ್ನೂ ಜೊತೆಗೆ ಕರೆದುಕೊಂಡು ಒಂದು ಸುತ್ತು ಹಾಕಿ. ಕಚೇರಿಯಲ್ಲಿ ಕೂತು ಬಿಲ್ಲುಗಳನ್ನು ನೋಡಿ ಪಟ್ಟಿ ಮಾಡಿದರೆ ಅರ್ಧ ಸಾಧನಗಳು ತಪ್ಪಿಹೋಗುತ್ತವೆ. ಪ್ರತಿಯೊಂದರ ಎದುರೂ ಈ ವಿಷಯಗಳು ಇರಲಿ: ಎಲ್ಲಿದೆ, ಯಾರು ಕೊಂಡರು, ಸಿಮ್ ಯಾರ ಹೆಸರಿನಲ್ಲಿದೆ, ಪಾಸ್‌ವರ್ಡ್ ಯಾರಿಗೆ ಗೊತ್ತು, ಮಾಹಿತಿ ಯಾವ ಸರ್ವರಿಗೆ ಹೋಗುತ್ತದೆ, ವಾರಂಟಿ ಎಂದು ಮುಗಿಯುತ್ತದೆ.

ಸಿಮ್ಮಿನ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಯಂತ್ರಗಳ ಹೊಸ ಸಂಪರ್ಕಗಳಿಗೆಂದೇ 2018ರ ಜುಲೈನಿಂದ 13 ಅಂಕಿಯ ಸಂಖ್ಯೆ ಕೊಡುವ ವ್ಯವಸ್ಥೆ ದೇಶದಲ್ಲಿದೆ. ಆದರೂ ಪಂಪಿನ ಸ್ಟಾರ್ಟರ್ ಒಳಗೆ ಯಾರದೋ ಸ್ವಂತ ಹೆಸರಿನ ಸಾಮಾನ್ಯ ಸಿಮ್ ಇರುವುದು ಅಪರೂಪವೇನಲ್ಲ. ಆ ಮನುಷ್ಯ ಕೆಲಸ ಬಿಟ್ಟರೆ, ರೀಚಾರ್ಜ್ ಮರೆತರೆ, ಪಂಪು ಮೂಕವಾಗುತ್ತದೆ. ಅಂಥ ಸಿಮ್ಮುಗಳನ್ನೆಲ್ಲ ಕಂಪನಿಯ ಹೆಸರಿಗೆ ಬದಲಾಯಿಸುವುದು ಯೋಜನೆಯ ಮೊದಲ ಖರ್ಚಾಗಲಿ.

ಯಾವ ತೀರ್ಮಾನಕ್ಕಾಗಿ ಈ ಸಾಧನ?

ನನ್ನ ದೃಷ್ಟಿಯಲ್ಲಿ ಇಡೀ ಯೋಜನೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ‘ತೋಟವನ್ನು ಸ್ಮಾರ್ಟ್ ಮಾಡೋಣ’ ಎಂದು ಹೊರಟರೆ ಬೆಲೆಪಟ್ಟಿ ಬೆಳೆಯುತ್ತದೆಯೇ ಹೊರತು ಕೆಲಸ ಸಾಗುವುದಿಲ್ಲ. ಪ್ರತಿ ಸಾಧನಕ್ಕೂ ಒಂದು ವಾಕ್ಯ ಬರೆಯಿರಿ: ಈ ಅಂಕಿ ಬಂದಾಗ ಯಾರು ಏನು ಮಾಡುತ್ತಾರೆ?

ರೊಬಸ್ಟಾ ತೋಟವನ್ನೇ ತೆಗೆದುಕೊಳ್ಳಿ. ಫೆಬ್ರುವರಿ–ಮಾರ್ಚಿನಲ್ಲಿ ಹೂಮಳೆ ಬರುತ್ತದೋ ಇಲ್ಲವೋ ಎಂದು ಕಾದು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಹಾಕಿದ ವಾರ–ಹತ್ತು ದಿನದಲ್ಲಿ ಹೂವು ಅರಳುತ್ತದೆ. ಆಮೇಲೆ ಕಾಯಿ ಕಚ್ಚಲು ಬ್ಯಾಕಿಂಗ್ ಮಳೆಯೋ ನೀರೋ ಬೇಕು. ಇಲ್ಲಿನ ತೀರ್ಮಾನ: ಇಂದು ತೋಟದ ಯಾವ ಬ್ಲಾಕಿಗೆ (ಭಾಗಕ್ಕೆ) ನೀರು ಬಿಡಬೇಕು, ಯಾವುದಕ್ಕೆ ಕಾಯಬಹುದು. ಅದಕ್ಕೆ ಪ್ರತಿ ಬ್ಲಾಕಿನ ಮಳೆ, ಮಣ್ಣಿನ ತೇವ, ಕೆರೆಯ ನೀರಿನ ಮಟ್ಟ ದಿನಕ್ಕೆ ನಾಲ್ಕೈದು ಸಲ ಸಿಕ್ಕರೆ ಸಾಕು. ನಿಮಿಷ ನಿಮಿಷಕ್ಕೂ ಅಂಕಿ ಕಳಿಸುವ ದುಬಾರಿ ಸಾಧನ ಬೇಡ.

ಗೋದಾಮಿನದು ಇನ್ನೊಂದು ಲೆಕ್ಕ. ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಅರೇಬಿಕಾ ಪಾರ್ಚ್‌ಮೆಂಟ್‌ನಲ್ಲಿ ತೇವಾಂಶ ಶೇ 10ರ ಆಸುಪಾಸಿಗೆ, ಹಣ್ಣನ್ನು ಹಾಗೇ ಒಣಗಿಸಿದ ರೊಬಸ್ಟಾ ಚೆರ್ರಿಯಲ್ಲಿ ಶೇ 11ರ ಆಸುಪಾಸಿಗೆ ಇಳಿದಿರಬೇಕು. ಕಣದಲ್ಲಿ ಅಷ್ಟು ಕಷ್ಟಪಟ್ಟು ಒಣಗಿಸಿದ ಕಾಫಿ ಮಳೆಗಾಲದ ಗಾಳಿಗೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ಇಲ್ಲಿ ಗಂಟೆಗೊಮ್ಮೆ ಗಾಳಿಯ ತೇವಾಂಶ ಗೊತ್ತಾದರೆ, ಗೋದಾಮಿನವರು ಕಿಟಕಿ ಮುಚ್ಚುವುದು, ಚೀಲ ಸರಿಸುವುದು, ಮತ್ತೆ ಬಿಸಿಲಿಗೆ ಹಾಕುವುದು ಇವನ್ನು ಹೊತ್ತಿಗೆ ಸರಿಯಾಗಿ ಮಾಡಬಹುದು.

ಪಂಪು ನೀರಿಲ್ಲದೆ ಓಡುವುದು ಮಾತ್ರ ಗಂಟೆಗಳ ಮಾತಲ್ಲ, ಹೆಚ್ಚೆಂದರೆ ಕೆಲವು ನಿಮಿಷಗಳದ್ದು. ಆ ತೀರ್ಮಾನ ದೂರದ ಸರ್ವರುಗಳ ಕ್ಲೌಡ್‌ಗೆ ಹೋಗಿ ವಾಪಸು ಬರುವಷ್ಟರಲ್ಲಿ ಮೋಟಾರು ಸುಟ್ಟುಹೋಗಬಹುದು. ಆದ್ದರಿಂದ ಪಂಪನ್ನು ನಿಲ್ಲಿಸುವ ಬುದ್ಧಿ ಪಂಪ್‌ಹೌಸಿನ ಪೆಟ್ಟಿಗೆಯಲ್ಲೇ ಇರಬೇಕು. ಇಂಟರ್‌ನೆಟ್ ಇದ್ದರೆ ಸುದ್ದಿ ಕಳಿಸಲಿ, ಇಲ್ಲದಿದ್ದರೂ ತನ್ನ ಕೆಲಸ ಮಾಡಲಿ. ಪಕ್ಕದ ಹಾಸನದಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಅಲ್ಲಿಂದ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ನಿಭಾಯಿಸುತ್ತಾರೆ. ಅಂಥ ಉಪಗ್ರಹಗಳಲ್ಲೂ ಏನಾದರೂ ಎಡವಟ್ಟಾದರೆ ನೆಲದಿಂದ ಆಜ್ಞೆ ಬರುವ ತನಕ ಕಾಯದೆ ಸುರಕ್ಷಿತ ಸ್ಥಿತಿಗೆ ಜಾರುವ ಏರ್ಪಾಡು ಇರುತ್ತದೆ. ತೋಟದ ಪಂಪಿಗೂ ಅದೇ ನಿಯಮ ಸಾಕು.

ಸಂಪರ್ಕ: ಕ್ಯಾಮೆರಾ ಬೇರೆ, ಸೆನ್ಸರ್ ಬೇರೆ

ಒಂದು ಸೆನ್ಸರ್ ಐದು ನಿಮಿಷಕ್ಕೊಮ್ಮೆ ಅಂಕಿ ಕಳಿಸಿದರೆ ದಿನಕ್ಕೆ 288 ಸಂದೇಶ. ಪ್ರತಿ ಸಂದೇಶ 50 ಬೈಟ್ ಎಂದುಕೊಂಡರೆ ನೂರು ಸೆನ್ಸರುಗಳೂ ಸೇರಿ ದಿನಕ್ಕೆ ಒಂದೂವರೆ ಎಂಬಿ ದಾಟುವುದಿಲ್ಲ. ಅದೇ ಸೆಕೆಂಡಿಗೆ 2 ಮೆಗಾಬಿಟ್ ಕಳಿಸುವ ಒಂದೇ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತಿನ್ನುತ್ತದೆ. ಎರಡಕ್ಕೂ ಒಂದೇ ನೆಟ್‌ವರ್ಕ್ ಎಂದು ಯೋಜಿಸಿದರೆ ಹಣವೂ ಹೋಗುತ್ತದೆ, ಸೆನ್ಸರ್ ಅಂಕಿಯೂ ತಡವಾಗುತ್ತದೆ. ಕ್ಯಾಮೆರಾದ ಚಿತ್ರ ತೋಟದ ರೆಕಾರ್ಡರಿನಲ್ಲೇ ಉಳಿಯಲಿ, ಬೇಕಾದ ತುಣುಕು ಮಾತ್ರ ಕಚೇರಿಗೆ ಬರಲಿ.

ಸಣ್ಣ ಸಂದೇಶಗಳಿಗೆ, ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಕಳಿಸುವ ಲೋರಾ ರೇಡಿಯೊ ನಮ್ಮ ತೋಟಗಳಿಗೆ ಒಳ್ಳೆಯ ದಾರಿ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ತರಂಗಗಳನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದು. ಬಯಲಿನಲ್ಲಿ ಅದು ಹಲವು ಕಿಲೋಮೀಟರ್ ಹೋಗುತ್ತದೆ. ಆದರೆ ಮೂಡಿಗೆರೆ, ಕೊಪ್ಪ, ಕಳಸದ ಕಡೆ ನಡುವೆ ಒಂದು ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತದೆ. ಸಿಲ್ವರ್ ಓಕ್, ಹಲಸು, ಅತ್ತಿಯ ನೆರಳು ದಟ್ಟವಾಗಿ ಒದ್ದೆಯಾಗಿರುವಾಗ ದೂರ ಇನ್ನೂ ಕುಗ್ಗುತ್ತದೆ. ಮಾರಾಟಗಾರರ ಕಾಗದದಲ್ಲಿರುವ ದೂರವನ್ನು ನಂಬಿ ಗೇಟ್‌ವೇ (ಸೆನ್ಸರುಗಳ ಸಂದೇಶ ಹಿಡಿದು ಮುಂದೆ ಕಳಿಸುವ ಪೆಟ್ಟಿಗೆ) ಲೆಕ್ಕ ಹಾಕಬೇಡಿ. ಜುಲೈ ಮಳೆಯಲ್ಲಿ, ತೋಟದ ಅತಿ ತಗ್ಗಿನ ಮೂಲೆಯಿಂದ ಪರೀಕ್ಷಿಸಿ ಆಮೇಲೆ ಎಷ್ಟು ಬೇಕೆಂದು ಬರೆಯಿರಿ.

ಕರೆಂಟು ಮತ್ತು ಸಿಡಿಲು

ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕತ್ತಲೆ ಇರಬಹುದು. ಸಂಪರ್ಕ ಇಲ್ಲದ ಹೊತ್ತಿನ ಅಂಕಿಗಳನ್ನು ತನ್ನಲ್ಲೇ ಇಟ್ಟುಕೊಂಡು, ಸಂಪರ್ಕ ಬಂದಾಗ ಸಮಯ ಸಮೇತ ಕಳಿಸುವ ಸಾಧನವನ್ನೇ ಕೊಳ್ಳಿ. ಸೋಲಾರ್ ಫಲಕವನ್ನು ನಂಬುವುದಾದರೆ ಜೂನ್–ಆಗಸ್ಟಿನ ಮೋಡವನ್ನೂ ಮರದ ನೆರಳನ್ನೂ ಲೆಕ್ಕಕ್ಕೆ ಹಿಡಿದು ಬ್ಯಾಟರಿ ಆರಿಸಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತಕ್ಕೆ ಸಿಗುವುದು ಉದ್ದುದ್ದ ತಂತಿ ಎಳೆದ ಸಾಧನಗಳೇ. ಒಳ್ಳೆಯ ಅರ್ತಿಂಗ್, ಸರ್ಜ್ (ವಿದ್ಯುತ್ತಿನ ದಿಢೀರ್ ಏರಿಕೆ) ರಕ್ಷಣೆ, ಬದಲಿಗೆಂದು ಇಟ್ಟುಕೊಂಡ ಒಂದೆರಡು ಸೆನ್ಸರು, ಇವೆಲ್ಲ ಬಜೆಟ್‌ನಲ್ಲಿ ಮೊದಲೇ ಇರಬೇಕು.

ಅಂಕಿಗಳು ಯಾರವು, ಯಾವ ಅಳತೆಯವು

ನಮ್ಮ ತೋಟಗಳ ಮಳೆ ಪುಸ್ತಕದಲ್ಲಿರುವುದು ಇಂಚು, ಸೆಂಟು. ಹೊಸ ಮಳೆಮಾಪಕ ಕಳಿಸುವುದು ಮಿಲಿಮೀಟರ್. ಒಂದು ಇಂಚು ಎಂದರೆ ನೂರು ಸೆಂಟು, ಅಂದರೆ 25.4 ಮಿ.ಮೀ. ಸಣ್ಣ ವಿಷಯ ಎನಿಸಬಹುದು. ಆದರೆ ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಲೆಕ್ಕವೇ ಕೆಲವು ತೋಟಗಳ ದೊಡ್ಡ ಆಸ್ತಿ; ಹೊಸ ಅಂಕಿ ಅದರ ಜೊತೆ ಕೂಡಿಕೊಳ್ಳದಿದ್ದರೆ ಎರಡೂ ಅರ್ಧಂಬರ್ಧವಾಗುತ್ತವೆ. ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನೂ ಯೋಜನೆಗೆ ಸೇರಿಸಿ. ರೈಟರು ನೋಡುವ ಪರದೆಯಲ್ಲಿ ಇಂಚು–ಸೆಂಟೇ ಕಾಣಲಿ.

ಕರಾರಿಗೆ ಸಹಿ ಹಾಕುವ ಮೊದಲು ಎರಡು ವಿಷಯ ಕೇಳಿ. ನಮ್ಮ ಅಂಕಿಗಳನ್ನು ಪೂರ್ತಿಯಾಗಿ, ಬೇರೆ ಸಾಫ್ಟ್‌ವೇರ್ ಓದುವ ರೂಪದಲ್ಲಿ, ಬೇಕೆಂದಾಗ ಕೊಡುತ್ತೀರಾ? ನಿಮ್ಮ ಸರ್ವರ್ ನಿಂತರೆ ಸಾಧನವನ್ನು ಇನ್ನೊಂದು ಸರ್ವರಿಗೆ ತಿರುಗಿಸಬಹುದಾ? ದೊಡ್ಡ ಹೆಸರು ನೋಡಿ ಈ ಪ್ರಶ್ನೆ ಬಿಡಬೇಡಿ. ಗೂಗಲ್ ಸಂಸ್ಥೆಯೇ ಇಂಥ ಸಾಧನಗಳನ್ನು ತನ್ನ ಸರ್ವರಿಗೆ ಜೋಡಿಸುತ್ತಿದ್ದ ಐಒಟಿ ಕೋರ್ ಸೇವೆಯನ್ನು 2023ರ ಆಗಸ್ಟ್ 16ಕ್ಕೆ ಮುಚ್ಚಿತು, ಬಳಕೆದಾರರು ಬೇರೆ ದಾರಿ ಹುಡುಕಬೇಕಾಯಿತು. ಗೋಡೆಗೆ ಹೊಡೆದ ಸಾಧನ ಎಂಟು–ಹತ್ತು ವರ್ಷ ಇರುತ್ತದೆ, ಅದರ ಹಿಂದಿನ ಸೇವೆ ಅಷ್ಟು ಕಾಲ ಉಳಿಯುತ್ತದೆ ಎಂಬ ಖಾತ್ರಿ ಯಾರೂ ಕೊಡಲಾರರು. 1979ರ ಮಾಡ್‌ಬಸ್, 1999ರ ಎಂಕ್ಯುಟಿಟಿಯಂಥ ಎಲ್ಲರಿಗೂ ತೆರೆದ ಸಂವಹನ ವಿಧಾನಗಳು ಇಂದಿಗೂ ನಡೆಯುತ್ತಿವೆ. ಅವನ್ನು ಬಲ್ಲ ಸಾಧನವಾದರೆ ಸೇವೆ ಬದಲಿಸುವುದು ಸುಲಭ.

ರಫ್ತು ಮಾಡುವವರಿಗೆ ಇನ್ನೊಂದು ಕಾರಣವಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಮಾರುಕಟ್ಟೆಯಿಲ್ಲ, ಬೆಳೆದ ಜಾಗದ ನಕ್ಷಾಸ್ಥಾನವನ್ನೂ ಕೊಡಬೇಕು. ಜಾರಿಯ ದಿನಾಂಕ ಮುಂದೆ ಹೋಗಿದ್ದರೂ ತಯಾರಿ ಬಿಡುವಂತಿಲ್ಲ. ಯಾವ ಬ್ಲಾಕಿನ ಹಣ್ಣು ಯಾವ ಚೀಲಕ್ಕೆ ಹೋಯಿತು ಎಂಬುದನ್ನು ಕಣದ ತೂಕದ ಯಂತ್ರದಿಂದಲೇ ಹಿಡಿದಿಡುವ ವ್ಯವಸ್ಥೆ ಇದ್ದರೆ ಆಮೇಲೆ ಕಾಗದ ಹುಡುಕುವ ಪಾಡು ತಪ್ಪುತ್ತದೆ.

ಬಾಗಿಲು ಹಾಕಿಕೊಳ್ಳುವುದು

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರುಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡು, ಅಕ್ಟೋಬರ್ 21ರಂದು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಕಾಣದಂತೆ ಮಾಡಿತು. ನಮ್ಮ ಗೇಟಿನ ಕ್ಯಾಮೆರಾ ಅದೇ ಜಾತಿಯದು. ಸಾಧನ ಬಂದ ದಿನವೇ ಪಾಸ್‌ವರ್ಡ್ ಬದಲಿಸಿ. ಸಾಧನಗಳ ನೆಟ್‌ವರ್ಕನ್ನು ಲೆಕ್ಕಪತ್ರ, ಸಂಬಳದ ಕಂಪ್ಯೂಟರುಗಳಿಂದ ಪೂರ್ತಿ ಬೇರೆ ಇಡಿ. ತಯಾರಕರು ಎಷ್ಟು ವರ್ಷ ಸಾಫ್ಟ್‌ವೇರ್ ತಿದ್ದುಪಡಿ ಕೊಡುತ್ತಾರೆ ಎಂಬುದು ಖರೀದಿ ಕಾಗದದಲ್ಲಿ ಇರಲಿ.

ಇದು ಕಾನೂನಿನ ಮಾತೂ ಹೌದು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಕಂಪ್ಯೂಟರ್ ವ್ಯವಸ್ಥೆಗಳ ಲಾಗ್ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಕಂಪನಿಗಳಿಗೂ ಅನ್ವಯಿಸುತ್ತದೆ. ವರದಿ ಮಾಡಬೇಕಾದ ಪಟ್ಟಿಯಲ್ಲಿ ಇಂಥ ಸಾಧನಗಳ ಮೇಲಿನ ದಾಳಿಯೂ ಇದೆ. ವರದಿ ಮಾಡುವವರು ಯಾರು ಎಂದು ಈಗಲೇ ಹೆಸರಿಸಿಡಿ.

ಒಂದು ತೋಟ, ಒಂದು ವರ್ಷ

ಮೂರೂ ತೋಟಕ್ಕೆ ಒಟ್ಟಿಗೆ ಹಾಕಬೇಡಿ. ಒಂದರಲ್ಲಿ ಮೇ ತಿಂಗಳಲ್ಲಿ ಜೋಡಿಸಿ, ಮಳೆಗಾಲ ದಾಟಿಸಿ, ನವೆಂಬರಿನಿಂದ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ ಕೊಯ್ಲು, ಹೂಮಳೆಯ ಕಾಲ ಇಷ್ಟನ್ನೂ ನೋಡಿ. ಬೇಸಿಗೆಯ ಎರಡು ವಾರದ ಪ್ರಯೋಗದಿಂದ ಮಲೆನಾಡಿನಲ್ಲಿ ಏನೂ ತಿಳಿಯುವುದಿಲ್ಲ. ಈ ವರ್ಷದುದ್ದಕ್ಕೂ ಸಾಧನದ ಅಂಕಿಯ ಪಕ್ಕದಲ್ಲೇ ಮೇಸ್ತ್ರಿಯ ಅಂದಾಜನ್ನೂ ಬರೆಸಿ. ಎರಡೂ ಹೊಂದದಾಗ ಸಾಧನವೇ ಸರಿ ಎಂದು ಹೊರಡಬೇಡಿ. ಕಣದಲ್ಲಿ ಕಾಳನ್ನು ಹಲ್ಲಿನಲ್ಲಿ ಕಚ್ಚಿ ಒಣಗಿದೆಯೋ ಇಲ್ಲವೋ ಹೇಳುವವರು ತಪ್ಪು ಜಾಗದಲ್ಲಿ ಕೂರಿಸಿದ ಸೆನ್ಸರನ್ನೂ ಹಿಡಿದುಕೊಡಬಲ್ಲರು.

ಹಣದ ಹಾಳೆಯಲ್ಲಿ ಸಾಧನದ ಬೆಲೆಯ ಕೆಳಗೆ ಸಿಮ್, ಸರ್ವರ್ ಬಾಡಿಗೆ, ಬ್ಯಾಟರಿ, ಬದಲಿ ಸಾಮಾನು, ರಿಪೇರಿಗೆ ಬಂದುಹೋಗುವ ಜೀಪಿನ ಖರ್ಚು, ರಾತ್ರಿ ಎಚ್ಚರಿಕೆ ಬಂದರೆ ಏಳುವವರ ಭತ್ಯೆ, ಎಲ್ಲವೂ ಐದು ವರ್ಷಕ್ಕೆ ಬರೆದಿರಲಿ. ಏಪ್ರಿಲ್‌ನಲ್ಲಿ ಹೊಸ ಲೆಕ್ಕದ ವರ್ಷ ಶುರುವಾಗುವಾಗ ಆ ಹಾಳೆಯನ್ನೂ ಪ್ರಯೋಗದ ತೋಟದ ಪುಸ್ತಕವನ್ನೂ ಎದುರಿಗಿಟ್ಟುಕೊಂಡು, ಯಾರೂ ಯಾವ ತೀರ್ಮಾನಕ್ಕೂ ಬಳಸದ ಸಾಧನಗಳನ್ನು ಪಟ್ಟಿಯಿಂದ ತೆಗೆದುಹಾಕಿ, ಉಳಿದವನ್ನು ಮಾತ್ರ ಎರಡನೆಯ ತೋಟಕ್ಕೆ ಕೊಳ್ಳಿ.