ಅಯಸ್ಕಾಂತದ ನಡುವೆ ಗ್ರಾಫೈಟ್ ಚಕ್ಕೆ: ನನ್ನ ಅನುಭವ

ಬಳ್ಳಾರಿಯ ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಹಾಲ್ ಎಫೆಕ್ಟ್ (ಅಯಸ್ಕಾಂತದ ನಡುವೆ ಕರೆಂಟಿಗೆ ಅಡ್ಡಲಾಗಿ ವೋಲ್ಟೇಜ್ ಹುಟ್ಟುವುದು) ಪ್ರಯೋಗಕ್ಕೆ ಅಂತ ಒಂದು ಎಲೆಕ್ಟ್ರೋಮ್ಯಾಗ್ನೆಟ್ ಇದೆ. ಧ್ರುವಗಳ ನಡುವೆ ಒಂದು ಸೆಂಟಿಮೀಟರ್ ಸಂದು ಬಿಟ್ಟರೆ ಸುಮಾರು 5000 ಗಾಸ್, ಅಂದರೆ ಅರ್ಧ ಟೆಸ್ಲಾ ಬಲದ ಅಯಸ್ಕಾಂತ ಕ್ಷೇತ್ರ ಸಿಗುತ್ತದೆ. ಸಿಲೆಬಸ್‌ನಲ್ಲಿ ಅದಕ್ಕಿರುವುದು ಜರ್ಮೇನಿಯಂ ತುಂಡು ಮಾತ್ರ. ಆ ಜಾಗದಲ್ಲಿ ನಾನು ಕಾರ್ಬನ್ ಇಟ್ಟು ನೋಡಲು ಶುರು ಮಾಡಿದೆ. ಅಯಸ್ಕಾಂತದ ನಡುವೆ ಕಾರ್ಬನ್ನಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಬದಲಾಗುತ್ತದೆ ಅನ್ನೋದು ಪುಸ್ತಕದಲ್ಲೇ ಇದೆ. ಆದರೆ ಯಾವ ಕಾರ್ಬನ್? ಅದು ಹೇಗೆ ಹುಟ್ಟಿದ್ದು? ಉತ್ತರವೆಲ್ಲ ಅಲ್ಲೇ ಇದೆ ಅಂತ ಅಳೆಯುತ್ತಾ ಹೋದ ಹಾಗೆ ಗೊತ್ತಾಯಿತು.

ಅಯಸ್ಕಾಂತ ಕ್ಷೇತ್ರ ಓಡುವ ಎಲೆಕ್ಟ್ರಾನಿನ ದಾರಿಯನ್ನು ಬಾಗಿಸುತ್ತದೆ. ತಾಮ್ರದಲ್ಲಿ ಎಲೆಕ್ಟ್ರಾನ್ ಬಾಗುವಷ್ಟು ದೂರ ಹೋಗುವ ಮೊದಲೇ ಡಿಕ್ಕಿ ಹೊಡೆಯುತ್ತದೆ. ಬಾಗಿದ ಅಷ್ಟಿಷ್ಟನ್ನೂ ಅಡ್ಡಕ್ಕೆ ಹುಟ್ಟುವ ಹಾಲ್ ವೋಲ್ಟೇಜ್ ಸರಿ ಮಾಡಿಬಿಡುತ್ತದೆ. ನಾನು ತಾಮ್ರದ ತಂತಿ ಇಟ್ಟು ನೋಡಿದೆ, ಮೀಟರ್ ಅಲ್ಲಾಡಲಿಲ್ಲ. ಕಾರ್ಬನ್ ಪದರ ಪದರವಾಗಿ ಜೋಡಿಸಿಕೊಂಡ ಗ್ರಾಫೈಟಿನ ಕತೆ ಬೇರೆ. ಅದರಲ್ಲಿ ಎಲೆಕ್ಟ್ರಾನುಗಳೂ ಹೋಲ್‌ಗಳೂ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು, ಪಾಸಿಟಿವ್ ಚಾರ್ಜಿನ ಹಾಗೆ ಓಡುತ್ತವೆ) ಹತ್ತಿರ ಹತ್ತಿರ ಸಮ ಸಮ ಇರುತ್ತವೆ. ಎರಡೂ ಒಂದೇ ಬದಿಗೆ ಬಾಗುತ್ತವೆ, ಹಾಗಾಗಿ ಅವುಗಳ ಹಾಲ್ ವೋಲ್ಟೇಜ್ ಒಂದನ್ನೊಂದು ಹೊಡೆದುಹಾಕುತ್ತದೆ. ದಾರಿ ಸರಿ ಮಾಡುವವರೇ ಇಲ್ಲದೆ ಓಟ ಸೊಟ್ಟಗಾಗುತ್ತದೆ, ರೋಧ ಏರುತ್ತದೆ. ಒಳ್ಳೆಯ ಗ್ರಾಫೈಟಿನಲ್ಲಿ ಪದರದ ಉದ್ದಕ್ಕೆ ಇವು ತುಂಬಾ ಸಲೀಸಾಗಿ ಓಡುವುದರಿಂದ ಏರಿಕೆಯೂ ಜಾಸ್ತಿ.

ಮೊದಲು ಸಿಕ್ಕಿದ್ದನ್ನೆಲ್ಲ ಅಳೆದೆ. ಪೆನ್ಸಿಲ್ ಕಡ್ಡಿ, ಟಾರ್ಚಿನ ಹಳೆಯ ಸೆಲ್ಲಿನ ನಡುವಿನ ಕಪ್ಪು ಕಡ್ಡಿ, ಉಗಿ ಪೈಪಿನ ಜೋಡಣೆಗೆ ಹಾಕುವ ಗ್ರಾಫೈಟ್ ಗ್ಯಾಸ್ಕೆಟ್ ಶೀಟು. ಶೀಟು ತಂದದ್ದು ರಾಯಚೂರಿನಿಂದ. ಶಕ್ತಿನಗರದ ವಿದ್ಯುತ್ ಸ್ಥಾವರದಂಥ ಕಡೆ ಬಾಯ್ಲರ್ ಕೆಲಸ ಮಾಡುವವರಿಗೆ ಅದು ದಿನನಿತ್ಯದ ಸಾಮಾನು.

ಇಲ್ಲಿ ಅಳತೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಕೆಲಸದ ಮುಕ್ಕಾಲು ಭಾಗ ಇದೇ. ಈ ತುಂಡುಗಳ ರೋಧ ಒಂದು ಓಮ್‌ಗಿಂತಲೂ ಕಡಿಮೆ. ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟರೆ ತಂತಿಯ ರೋಧವನ್ನೇ ಅಳೆದ ಹಾಗಾಗುತ್ತದೆ. ನಾಲ್ಕು ತಂತಿ ಬೇಕು: ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. ಸಣ್ಣ ತಾಮ್ರದ ತಂತಿಯನ್ನು ಬೆಳ್ಳಿ ಪೇಸ್ಟ್ ಹಾಕಿ ಅಂಟಿಸಿದೆ. ಉಕ್ಕಿನ ಕ್ಲಿಪ್ಪು ಬೇಡವೇ ಬೇಡ, ಅಯಸ್ಕಾಂತ ಅದನ್ನು ಎಳೆದು ಜೋಡಣೆಯನ್ನೇ ಅಲ್ಲಾಡಿಸುತ್ತದೆ. ಪ್ರತಿ ಓದಿಗೂ ಕರೆಂಟಿನ ದಿಕ್ಕು ಬದಲಿಸಿ ಸರಾಸರಿ ತೆಗೆಯಬೇಕು. ಆಗ ಬಿಸಿಯಿಂದ ಹುಟ್ಟುವ ಸಣ್ಣ ವೋಲ್ಟೇಜ್ ಹೋಗುತ್ತದೆ. ಕ್ಷೇತ್ರದ ದಿಕ್ಕನ್ನೂ ಬದಲಿಸಿ ಸರಾಸರಿ ತೆಗೆಯಬೇಕು. ತಂತಿಗಳು ನೇರ ಸಾಲಿನಲ್ಲಿ ಇಲ್ಲದಿದ್ದರೆ ನುಸುಳುವ ಹಾಲ್ ವೋಲ್ಟೇಜ್ ಆಗ ಕಳೆದುಹೋಗುತ್ತದೆ. ದಿಕ್ಕು ತಿರುಗಿಸಿದರೆ ಹಾಲ್ ವೋಲ್ಟೇಜ್ ತಿರುಗುತ್ತದೆ, ರೋಧದ ಏರಿಕೆ ತಿರುಗುವುದಿಲ್ಲ.

ಇನ್ನು ಬಿಸಿ. ಪೆನ್ಸಿಲ್ ಕಡ್ಡಿಯಂಥ ಕಾರ್ಬನ್ ಬಿಸಿಯಾದರೆ ಅದರ ರೋಧ ಇಳಿಯುತ್ತದೆ. ಮ್ಯಾಗ್ನೆಟ್ ಕಾಯಿಲ್‌ನಲ್ಲಿ ಕರೆಂಟ್ ಹರಿದ ಹಾಗೆ ಸಂದಿನ ಗಾಳಿ ಬಿಸಿಯಾಗುತ್ತದೆ. ಆಗ ಕಾಣುವ ಇಳಿಕೆಯನ್ನು ಅಯಸ್ಕಾಂತದ ಪ್ರಭಾವ ಅಂದುಕೊಳ್ಳುವುದು ಸುಲಭ. ನಮ್ಮ ಬಳ್ಳಾರಿ ಬೇಸಿಗೆಯಲ್ಲಿ ಲ್ಯಾಬೇ ಕಾದಿರುತ್ತದೆ, ಅಲ್ವಾ? ಅದಕ್ಕೆ ಬೆಳಿಗ್ಗೆ ಬೇಗ ಹೋಗಿ, ತುಂಡಿನ ಪಕ್ಕ ಬಿಸಿ ಅಳೆಯುವ ಥರ್ಮೋಕಪಲ್ ಇಟ್ಟು, ಕ್ಷೇತ್ರವಿಲ್ಲದೆ ಒಮ್ಮೆ, ಕ್ಷೇತ್ರವಿಟ್ಟು ಒಮ್ಮೆ, ಮತ್ತೆ ಕ್ಷೇತ್ರವಿಲ್ಲದೆ ಒಮ್ಮೆ ಓದುತ್ತಿದ್ದೆ. ಮೊದಲ ಮತ್ತು ಕೊನೆಯ ಓದು ಹೊಂದದಿದ್ದರೆ ಆ ಸುತ್ತನ್ನೇ ಬಿಡುತ್ತಿದ್ದೆ.

ಸೆಲ್ಲಿನ ಕಡ್ಡಿಯಲ್ಲಿ ಏನೂ ಕಾಣಲಿಲ್ಲ. ಪೆನ್ಸಿಲ್‌ನಲ್ಲಿ ಶೇಕಡ ಅರ್ಧಕ್ಕಿಂತ ಕಡಿಮೆ ಏರಿಕೆ. ಗ್ಯಾಸ್ಕೆಟ್ ಶೀಟಿನಲ್ಲಿ ಶೇಕಡ 3ರ ಆಸುಪಾಸು. ಮೂರೂ ಕಾರ್ಬನ್ನೇ, ಆದರೆ ಒಳಗಿನ ಅಚ್ಚುಕಟ್ಟು ಬೇರೆ ಬೇರೆ. ಸೆಲ್ಲಿನ ಕಡ್ಡಿ ಗ್ರಾಫೈಟ್ ಆಗುವಷ್ಟು ಬಿಸಿ ಕಂಡಿಲ್ಲ. ಪೆನ್ಸಿಲ್‌ನಲ್ಲಿ ಗ್ರಾಫೈಟ್ ಜೊತೆ ಜೇಡಿಮಣ್ಣಿದೆ. ಶೀಟನ್ನು ಮಾಡುವುದು ನೆಲದಿಂದ ತೆಗೆದ ಚಕ್ಕೆ ಗ್ರಾಫೈಟನ್ನು ಅರಳಿಸಿ ಒತ್ತಿ. ಅದರ ಪದರಗಳು ಬಹುಮಟ್ಟಿಗೆ ಒಂದರ ಮೇಲೊಂದು ಮಲಗಿರುತ್ತವೆ.

ನನಗೆ ತೀರಾ ಖುಷಿ ಕೊಟ್ಟದ್ದು ಆಮೇಲೆ ಬಂದ ಚಕ್ಕೆಗಳು. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಯೊಬ್ಬ ಪೊಟ್ಟಣ ಬಿಚ್ಚಿ, "ಸರ್, ಲ್ಯಾಡಲ್ ಹತ್ರ ಬೆಳ್ಳಿ ಹಂಗ ಹೊಳಿಯೋದು ಹಾರಿ ಬೀಳ್ತೈತ್ರಿ, ಇದೇನು?" ಅಂದ. ಲ್ಯಾಡಲ್ ಅಂದರೆ ಕರಗಿದ ಕಬ್ಬಿಣ ಹೊರುವ ದೊಡ್ಡ ಪಾತ್ರೆ. ಆ ಹೊಳೆಯುವ ಚಕ್ಕೆಗೆ ಕಿಶ್ ಗ್ರಾಫೈಟ್ ಅನ್ನುತ್ತಾರೆ. ಬ್ಲಾಸ್ಟ್ ಫರ್ನೇಸಿನಿಂದ ಬರುವ ಕರಗಿದ ಕಬ್ಬಿಣದಲ್ಲಿ ಶೇಕಡ 4ಕ್ಕೂ ಮೇಲೆ ಕಾರ್ಬನ್ ಕರಗಿರುತ್ತದೆ. ಕಬ್ಬಿಣ ಆರುತ್ತಾ ಬಂದ ಹಾಗೆ ಅಷ್ಟನ್ನು ಹಿಡಿದುಕೊಳ್ಳಲು ಆಗುವುದಿಲ್ಲ. ಹೆಚ್ಚಾದದ್ದು ಹರಳಾಗಿ ಮೇಲಕ್ಕೆ ತೇಲುತ್ತದೆ. ಬರೀ ಕಾರ್ಬನ್ನನ್ನೇ ಕಾಯಿಸಿ ಗ್ರಾಫೈಟ್ ಮಾಡಲು 2500 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಬೇಕು. ಕರಗಿದ ಕಬ್ಬಿಣ ಅದೇ ಕೆಲಸವನ್ನು 1500 ಡಿಗ್ರಿಯ ಒಳಗೆ ಮಾಡಿಕೊಡುತ್ತದೆ. ನಮ್ಮ ಕಡೆ ಜನ ಅದನ್ನು ಬರೀ ಧೂಳು ಅಂತ ಗುಡಿಸುತ್ತಾರೆ. ಗ್ರಾಫೈಟಿನ ಮೇಲೆ ಸಂಶೋಧನೆ ಮಾಡುವವರು ಇಂಥ ಹರಳುಗಳನ್ನೇ ಆರಿಸಿ ಬಳಸಿದ್ದಾರೆ.

ಚಕ್ಕೆಗಳಿಗೆ ಕಬ್ಬಿಣ, ಕಿಟ್ಟ ಅಂಟಿರುತ್ತದೆ. ಅಯಸ್ಕಾಂತ ತಂದರೆ ಜಿಗಿದು ಹಿಡಿದುಕೊಳ್ಳುತ್ತವೆ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿದೆ. ಅಯಸ್ಕಾಂತಕ್ಕೆ ಜಗ್ಗದವುಗಳನ್ನು ಮಾತ್ರ ಉಳಿಸಿಕೊಂಡೆ. ಅದರಲ್ಲಿ ಮಡಿಕೆ ಇಲ್ಲದ ಒಂದನ್ನು ಆರಿಸಿ, ಬ್ಲೇಡಿನಿಂದ ಸಣ್ಣ ಪಟ್ಟಿ ಕತ್ತರಿಸಿ ಗಾಜಿನ ಸ್ಲೈಡಿಗೆ ಅಂಟಿಸಿದೆ. ಮೈಕ್ರೋಸ್ಕೋಪ್ ಕೆಳಗೆ ಪೇಸ್ಟ್ ಇಡುವಾಗ ಉಸಿರು ಬಿಟ್ಟರೂ ಪಟ್ಟಿ ಹಾರುತ್ತದೆ, ತಾಳ್ಮೆ ಬೇಕು.

ಅರ್ಧ ಟೆಸ್ಲಾ ಕೊಟ್ಟಾಗ ಆ ಪಟ್ಟಿಯ ರೋಧ ಶೇಕಡ 15ಕ್ಕೂ ಮೇಲೆ ಏರಿತು. ಕ್ಷೇತ್ರ ಎರಡರಷ್ಟು ಮಾಡಿದರೆ ಏರಿಕೆ ನಾಲ್ಕರಷ್ಟಕ್ಕೆ ಸ್ವಲ್ಪ ಕಡಿಮೆ. ಆಮೇಲೆ ಸ್ಲೈಡನ್ನು ನಿಧಾನವಾಗಿ ತಿರುಗಿಸಿದೆ. ಕ್ಷೇತ್ರ ಚಕ್ಕೆಗೆ ನೆಟ್ಟಗೆ ಚುಚ್ಚುವಾಗ ಏರಿಕೆ ಪೂರ್ತಿ ಇತ್ತು. ಕ್ಷೇತ್ರ ಪದರಗಳ ಉದ್ದಕ್ಕೆ ಬಂದಾಗ ಬಹುತೇಕ ಮಾಯ. ಎಲೆಕ್ಟ್ರಾನುಗಳು ಪದರದೊಳಗೇ ಓಡುತ್ತವೆ, ಒಂದು ಪದರದಿಂದ ಇನ್ನೊಂದಕ್ಕೆ ಜಿಗಿಯುವುದು ಅವಕ್ಕೆ ಕಷ್ಟ. ಪಾಠದಲ್ಲಿ ಹೇಳಿಕೊಂಡು ಬಂದ ಈ ಮಾತನ್ನು ಮೀಟರ್ ಮೇಲೆ ನೋಡಿದಾಗ ವಿದ್ಯಾರ್ಥಿಗಳು ಬೆಂಚು ಬಿಟ್ಟು ಏಳಲಿಲ್ಲ.

ಮುಂದಿನ ಕೆಲಸ ತಂಪಿನಲ್ಲಿ. ದನಗಳ ಕೃತಕ ಗರ್ಭಧಾರಣೆಗೆ ಪಶು ಆಸ್ಪತ್ರೆಗಳಲ್ಲಿ ದ್ರವ ನೈಟ್ರೋಜನ್ ಇಟ್ಟಿರುತ್ತಾರೆ, ಮೈನಸ್ 196 ಡಿಗ್ರಿ. ಅಲ್ಲಿ ಡಿಕ್ಕಿಗಳು ಕಡಿಮೆಯಾಗಿ ಒಳ್ಳೆಯ ಚಕ್ಕೆಯ ಏರಿಕೆ ಹತ್ತಾರು ಪಟ್ಟು ಹೆಚ್ಚಬೇಕು. ಪದರಗಳು ಅಸ್ತವ್ಯಸ್ತವಾಗಿರುವ ಕಾರ್ಬನ್ನಿನಲ್ಲಿ ತಂಪಿನಲ್ಲಿ ಉಲ್ಟಾ ಆಗುತ್ತದೆ, ಅಯಸ್ಕಾಂತ ಇಟ್ಟರೆ ರೋಧ ಇಳಿಯುತ್ತದೆ. ಆ ಇಳಿಕೆ ಬಹಳ ಸಣ್ಣದು. ಅದಕ್ಕೆ ಈಗಿನದಕ್ಕಿಂತ ಸೂಕ್ಷ್ಮ ಮೀಟರ್ ಬೇಕು, ಅದನ್ನು ಕೇಳಿ ಅರ್ಜಿ ಹಾಕಿದ್ದೇನೆ. ಸೆಲ್ಲಿನ ಕಡ್ಡಿಯನ್ನು ಅದಕ್ಕಾಗಿಯೇ ಎತ್ತಿಟ್ಟಿದ್ದೇನೆ.